ಟಿಕೆಟ್ ಕೇಳಿದರು, ಹೆಸರು ಕೇಳಲಿಲ್ಲ

ಎಡ್ ಶೀರನ್ ಹಾಡು ಕೇಳಲು ಬೆಂಗಳೂರಿಗೆ ಹೋಗುತ್ತೇವೆ ಎಂದಾಗ ನಮಗೆ ಮೂರು ಪ್ರಶ್ನೆಗಳು ಎದುರಾದವು. "ನಮಾಝಿಗೆ ಏನು ಮಾಡುತ್ತೀರಿ?" ಎಂದು ಉಮ್ಮ ಕೇಳಿದರು. "ಟಿಕೆಟಿಗೆ ಎಷ್ಟಾಯಿತು?" ಎಂದು ಪಕ್ಕದ ಮನೆಯವರು ಕೇಳಿದರು. "ಅಷ್ಟೊಂದು ಜನರ ನಡುವೆ ಹೆಂಗಸರು ಮೂವರೇ ಹೋಗುವುದಾ?" ಎಂದು ಕೊಲ್ಲಿಯಲ್ಲಿರುವ ತಮ್ಮ ಫೋನಿನಲ್ಲಿ ಕೇಳಿದ. ಮೂರೂ ನ್ಯಾಯವಾದ ಪ್ರಶ್ನೆಗಳೇ. ಹೊಟ್ಟೆಕಿಚ್ಚಿನಿಂದಲೋ ಕುಹಕದಿಂದಲೋ ಕೇಳಿದ್ದಲ್ಲ. ಆದ್ದರಿಂದ ಅವುಗಳಿಗೆ ಉತ್ತರ ಹೇಳುವುದು ನಮ್ಮ ಕರ್ತವ್ಯ. ಇಂಥ ಜಾಗಕ್ಕೆ ಮಕ್ಕಳನ್ನು ಕಳಿಸಬೇಕೋ ಬೇಡವೋ ಎಂದು ಯೋಚಿಸುವ ಮನೆಗಳು ನಮ್ಮಲ್ಲಿ ಈಗ ಬಹಳ ಇವೆ. ಅವರಿಗೂ ಇದು ಉಪಯೋಗಕ್ಕೆ ಬರಬಹುದು.

ನಾವೆಂದರೆ ಅಕ್ಕ, ತಂಗಿ ಮತ್ತು ಅಕ್ಕನ ಮಗಳು. ಶೀರನ್ ಎಂದರೆ 1991ರಲ್ಲಿ ಹುಟ್ಟಿದ ಇಂಗ್ಲೆಂಡಿನ ಗಾಯಕ. ಕೆಂಪು ಕೂದಲು, ಮೈತುಂಬ ಹಚ್ಚೆ, ಕೈಯಲ್ಲೊಂದು ಗಿಟಾರು. 2017ರಲ್ಲಿ ಬಂದ 'ಶೇಪ್ ಆಫ್ ಯೂ' ಹಾಡನ್ನು ನಮ್ಮೂರಿನ ಮದುವೆ ಹಾಲ್‌ಗಳಲ್ಲೂ ಕೇಳದವರಿಲ್ಲ. 2025ರ ಜನವರಿ 30ರಂದು ಪುಣೆಯಲ್ಲಿ ಆರಂಭಿಸಿ ಹೈದರಾಬಾದ್, ಚೆನ್ನೈ, ಬೆಂಗಳೂರು, ಶಿಲ್ಲಾಂಗ್, ದೆಹಲಿಯ ಹತ್ತಿರದ ಗುರುಗ್ರಾಮ, ಹೀಗೆ ಆರು ಕಡೆ ಆತ ಹಾಡಿದ. ಬೆಂಗಳೂರಿನಲ್ಲಿ ಫೆಬ್ರವರಿ 8 ಮತ್ತು 9, ಎರಡು ದಿನ. ಜಾಗ ತುಮಕೂರು ರಸ್ತೆಯ ಮಾದಾವರದ ನೈಸ್ ಮೈದಾನ. ನಾವು ಮೊದಲ ದಿನಕ್ಕೆ ಹೋದೆವು.

ಮೊದಲು ಉಮ್ಮನ ಪ್ರಶ್ನೆ. ಶಾಫಿಈ ಮದ್‌ಹಬಿನ ಪ್ರಕಾರ ದೂರದ ಪ್ರಯಾಣಿಕರು ಮಗ್ರಿಬ್ ಮತ್ತು ಇಶಾ ನಮಾಝನ್ನು ಒಟ್ಟಿಗೆ ನಿರ್ವಹಿಸಬಹುದು. ಇಶಾವನ್ನು ಎರಡು ರಕಅತ್‌ಗೆ ಇಳಿಸಬಹುದು. ಮಂಗಳೂರಿನಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಹಾಗಾಗಿ ಚಿಂತೆಯಿಲ್ಲ ಎಂದೆವು. ಉಮ್ಮ ಸುಮ್ಮನಿರಲಿಲ್ಲ. "ಆ ರಿಯಾಯಿತಿ ಇರುವುದು ತಪ್ಪಲ್ಲದ ಕೆಲಸಕ್ಕೆ ಹೊರಟವರಿಗೆ. ನೀವು ಹೊರಟದ್ದು ಯಾವುದಕ್ಕೆ?" ಎಂದರು. ಮದ್ರಸದಲ್ಲಿ ಐದನೆಯ ತರಗತಿಗೆ ಓದು ನಿಲ್ಲಿಸಿದ ಉಮ್ಮ ಒಂದೇ ವಾಕ್ಯದಲ್ಲಿ ಸಾವಿರ ವರ್ಷಗಳ ಚರ್ಚೆಯನ್ನು ನಮ್ಮ ಮುಂದಿಟ್ಟಿದ್ದರು.

ಸಂಗೀತ ಹಲಾಲೋ ಹರಾಮೋ ಎಂಬ ಚರ್ಚೆ ನಿನ್ನೆ ಮೊನ್ನೆಯದಲ್ಲ. ತಂತಿವಾದ್ಯಗಳು ಸಲ್ಲವೆಂದು ಹೇಳಿದ ವಿದ್ವಾಂಸರು ಬಹಳ. ನಮ್ಮ ಶಾಫಿಈ ಗ್ರಂಥಗಳಲ್ಲಿ ಸಾಮಾನ್ಯವಾಗಿ ಸಿಗುವ ಅಭಿಪ್ರಾಯವೂ ಅದೇ. ಇನ್ನೊಂದು ಕಡೆ ಸ್ಪೇನಿನ ಇಬ್ನ್ ಹಝ್ಮ್ ಅದಕ್ಕೆ ನಿಷೇಧವಿಲ್ಲವೆಂದು ವಾದಿಸಿದರು. ಈದ್ ದಿನ ಆಯಿಶಾರ (ರ) ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದಾಗ ಅಬೂಬಕರ್ (ರ) ಗದರಿದರು. ಅವರನ್ನು ಬಿಟ್ಟುಬಿಡಿ, ಇದು ಹಬ್ಬದ ದಿನ ಎಂದು ಪ್ರವಾದಿಯವರು (ಸ) ತಡೆದರು. ಈ ಘಟನೆ ಬುಖಾರಿಯಲ್ಲಿದೆ. ಇಮಾಮ್ ಗಝ್ಝಾಲಿ ತಮ್ಮ 'ಇಹ್ಯಾ'ದಲ್ಲಿ ಹಾಡು ಕೇಳುವುದರ ಬಗ್ಗೆಯೇ ಒಂದು ಇಡೀ ಭಾಗ ಬರೆದರು. ಯಾವ ಕಾಲದಲ್ಲಿ, ಯಾವ ಸ್ಥಳದಲ್ಲಿ, ಯಾರ ಜೊತೆಯಲ್ಲಿ ಕೇಳುತ್ತೀರಿ ಎಂಬುದನ್ನು ನೋಡಿಕೊಳ್ಳಿ ಎಂಬ ಸೂಫಿಗಳ ಮಾತನ್ನು ಅವರು ಅಲ್ಲಿ ಎತ್ತಿಕೊಳ್ಳುತ್ತಾರೆ.

ಇಂಗ್ಲೆಂಡಿನವರೇ ಆದ ಕ್ಯಾಟ್ ಸ್ಟೀವನ್ಸ್ ನಮ್ಮ ಓದುಗರಿಗೆ ಗೊತ್ತು. 1977ರಲ್ಲಿ ಇಸ್ಲಾಮ್ ಸ್ವೀಕರಿಸಿ ಯೂಸುಫ್ ಇಸ್ಲಾಮ್ ಆದರು. ಕೀರ್ತಿಯ ತುದಿಯಲ್ಲಿದ್ದಾಗಲೇ ಹಾಡು ಬಿಟ್ಟು ಗಿಟಾರುಗಳನ್ನು ಮಾರಿ ಶಾಲೆ ಕಟ್ಟುವ ಕೆಲಸಕ್ಕೆ ಇಳಿದರು. ಎಷ್ಟೋ ವರ್ಷಗಳ ನಂತರ ಮಗ ಮನೆಗೆ ತಂದ ಗಿಟಾರನ್ನು ಮತ್ತೆ ಎತ್ತಿಕೊಂಡು, 2006ರಲ್ಲಿ ಹೊಸ ಆಲ್ಬಮ್ ಹೊರತಂದರು. ಬಿಟ್ಟಾಗಲೂ ಹಿಡಿದಾಗಲೂ ಅವರು ಮುಸ್ಲಿಮರೇ ಆಗಿದ್ದರು. ಅವರ ಬಿಡುವಿಕೆಯನ್ನು ಗೌರವಿಸಿದವರು ಅವರ ಮರಳುವಿಕೆಯನ್ನೂ ಗೌರವಿಸಬೇಕಲ್ಲವೇ? ನಾವು ಫತ್ವಾ ಕೊಡುವವರಲ್ಲ. ಕೇಳಬಾರದು ಎಂದು ನಂಬಿ ಕೇಳದವರನ್ನು ಹಳಬರೆಂದು ಹೀಗಳೆಯುವ ಹಕ್ಕೂ ನಮಗಿಲ್ಲ. ಕೇಳುವವರನ್ನು ದೀನ್‌ನಿಂದಲೇ ಹೊರಗಟ್ಟುವ ಹಕ್ಕು ಅವರಿಗೂ ಇಲ್ಲ ಎಂದಷ್ಟೇ ಹೇಳುತ್ತೇವೆ. ಉಮ್ಮನಿಗೂ ಇದನ್ನೇ ಹೇಳಿದೆವು. "ಹಾಗಾದರೆ ವುಝೂ ಮಾಡಿಕೊಂಡೇ ಒಳಗೆ ಹೋಗಿ" ಎಂದು ಉಮ್ಮ ಮಾತು ಮುಗಿಸಿದರು.

ಹಾಗೆಯೇ ಮಾಡಿದೆವು. ಸಂಜೆ ಆರೂವರೆ ಸುಮಾರಿಗೆ ಸೂರ್ಯ ಮುಳುಗಿದ. ಮೈದಾನದ ಹಿಂಬದಿಯಲ್ಲಿ ಬೇಲಿಯ ಪಕ್ಕ ಸ್ವಲ್ಪ ಖಾಲಿ ಜಾಗವಿತ್ತು. ಮೊಬೈಲಿನಲ್ಲಿ ಕಿಬ್ಲಾ ನೋಡಿ ಶಾಲು ಹಾಸಿ ಒಬ್ಬೊಬ್ಬರಾಗಿ ನಿಂತೆವು. ಅಲ್ಲೇ ಕುಳಿತು ಚುರುಮುರಿ ತಿನ್ನುತ್ತಿದ್ದ ಇಬ್ಬರು ಹುಡುಗಿಯರು ಏನೂ ಕೇಳದೆ ಸ್ವಲ್ಪ ಸರಿದು ಕುಳಿತರು. ನಮ್ಮ ಚೀಲಗಳನ್ನು ತಮ್ಮ ಕಡೆಗೆ ಎಳೆದಿಟ್ಟುಕೊಂಡರು. ನಾವಿಬ್ಬರೂ ಇಶಾವನ್ನೂ ಸೇರಿಸಿ ಮುಗಿಸಿದೆವು. ಅಕ್ಕನ ಮಗಳು ಬೆಂಗಳೂರಿನಲ್ಲೇ ಓದುತ್ತಿರುವವಳು, ಮುಸಾಫಿರ್ ಅಲ್ಲ. "ನನಗೆ ಮಾತ್ರ ಡಿಸ್ಕೌಂಟ್ ಇಲ್ಲ" ಎಂದು ನಗುತ್ತಾ ಇಶಾವನ್ನು ಹಾಸ್ಟೆಲಿಗೆ ಉಳಿಸಿಕೊಂಡಳು.

ಇನ್ನು ಹಣದ ಪ್ರಶ್ನೆ. ಮೂರು ಟಿಕೆಟಿನ ದುಡ್ಡಿನಲ್ಲಿ ಒಂದು ಸಾಧಾರಣ ಕುಟುಂಬ ಕೆಲವು ತಿಂಗಳ ದಿನಸಿ ತರಬಹುದು. ಇದನ್ನು ಮುಚ್ಚಿಡುವುದಿಲ್ಲ. ದುಂದುಗಾರಿಕೆಯನ್ನು ಇಸ್ಲಾಮ್ ಮೆಚ್ಚುವುದಿಲ್ಲ ಎಂಬುದೂ ಗೊತ್ತು. ನಮ್ಮಲ್ಲಿ ಮದುವೆಗೆ ಸುರಿಯುವ ಹಣದ ಬಗ್ಗೆ ಕೇಳದವರು ಹೆಂಗಸರ ಒಂದು ಸಂಜೆಯ ಸಂತೋಷದ ಲೆಕ್ಕ ಕೇಳುತ್ತಾರೆ ಎಂಬ ಉತ್ತರ ನಾಲಗೆಯ ತುದಿಯಲ್ಲಿತ್ತು. ಆದರೆ ಅದು ಉತ್ತರವಲ್ಲ, ಜಗಳ. ನಿಜವಾದ ಉತ್ತರ ಬೇರೆ ಇದೆ. ಅದನ್ನು ಹೇಳಲು ನಾವು ಈತನ ಅಭಿಮಾನಿಗಳಾದ ಕಥೆಯನ್ನು ಹೇಳಬೇಕು.

ನಮ್ಮ ಬಾಪ ದಮ್ಮಾಮಿನಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಕರಾವಳಿಯ ನಮ್ಮ ತಲೆಮಾರಿನ ಎಷ್ಟೋ ಮಕ್ಕಳಂತೆ ನಾವೂ ಬಾಪನನ್ನು ಬೆಳೆಸಿಕೊಂಡದ್ದು ಫೋಟೋದಲ್ಲಿ. ಶೋಕೇಸಿನ ಗಾಜಿನ ಹಿಂದೆ, ಯಾವುದೋ ಸ್ಟುಡಿಯೋದ ನೀಲಿ ಪರದೆಯ ಮುಂದೆ ನಿಂತ ಬಾಪ. ಊರಿಗೆ ಬರುವವರ ಕೈಯಲ್ಲಿ ಕೆಲವೊಮ್ಮೆ ಕಾಗದದ ಬದಲು ಕ್ಯಾಸೆಟ್ ಬರುತ್ತಿತ್ತು. ಒಂದು ಬದಿ ಉಮ್ಮನಿಗೆ, ಇನ್ನೊಂದು ಬದಿ ನಮಗೆ. ಉಮ್ಮನ ಬದಿಯನ್ನು ಉಮ್ಮ ಬಾಗಿಲು ಹಾಕಿ ಕೇಳುತ್ತಿದ್ದರು. ನಮ್ಮ ಬದಿಯಲ್ಲಿ ಬಾಪ ಮೊದಲು ಕೆಮ್ಮುತ್ತಿದ್ದರು, ನಂತರ ಹೆಸರು ಹಿಡಿದು ಕರೆಯುತ್ತಿದ್ದರು. ನಾಲ್ಕು ದಿನ ಕೇಳಿದ ಮೇಲೆ ಅದೇ ಕ್ಯಾಸೆಟಿನ ಮೇಲೆ ನಮ್ಮ ಉತ್ತರ ತುಂಬಿ ವಾಪಸು ಕಳುಹಿಸುವುದು. ಕ್ಯಾಸೆಟಿಗೆ ಬೆಲೆಯಿದ್ದ ಕಾಲ ಅದು. ಹಾಗಾಗಿ ನಮ್ಮ ಧ್ವನಿ ತುಂಬಿದಷ್ಟೂ ಬಾಪನ ಧ್ವನಿ ಅಳಿಯುತ್ತಿತ್ತು. ಇಂದು ಬಾಪ ಇಲ್ಲ. ಅಷ್ಟು ಕ್ಯಾಸೆಟುಗಳು ಹೋಗಿ ಬಂದರೂ ಒಂದರಲ್ಲೂ ಅವರ ದನಿ ಉಳಿದಿಲ್ಲ. ಫೋಟೋ ಉಳಿದಿದೆ.

ಶೀರನ್‌ನ 'ಫೋಟೋಗ್ರಾಫ್' ಎಂಬ ಹಾಡು 2014ರ ಆಲ್ಬಮಿನದು. ದೂರವಿರುವವರನ್ನು ಒಂದು ಫೋಟೋದಲ್ಲಿ ಹಿಡಿದಿಟ್ಟುಕೊಳ್ಳುವ ಹಾಡು. ಅದನ್ನು ಬರೆದವನಿಗೆ ದಮ್ಮಾಮೂ ಗೊತ್ತಿಲ್ಲ, ಬಜ್ಪೆ ವಿಮಾನ ನಿಲ್ದಾಣದ ಗೇಟಿನಲ್ಲಿ ಅಳುತ್ತಾ ನಿಲ್ಲುವ ಹೆಂಗಸರೂ ಗೊತ್ತಿಲ್ಲ. ಆದರೂ ಅಕ್ಕನ ಮಗಳು ಮೊದಲ ಸಲ ಮೊಬೈಲಿನಲ್ಲಿ ಅದನ್ನು ಕೇಳಿಸಿದ ದಿನ ನಾವಿಬ್ಬರೂ ಅಡುಗೆ ಮನೆಯಲ್ಲಿ ಕೈಕೆಲಸ ಬಿಟ್ಟು ನಿಂತೆವು. ಎಲ್ಲಿಯದೋ ಒಬ್ಬ ತನ್ನ ಮನೆಯ ಮಾತು ಹಾಡಿದರೆ ಅದು ನಮ್ಮ ಮನೆಯ ಮಾತಾಗುವುದು, ಹಾಡಿನಿಂದ ಆಗುವ ಕೆಲಸ ಇದೇ. ಈ ಋಣಕ್ಕೆ ಒಮ್ಮೆ ಟಿಕೆಟ್ ಕೊಂಡರೆ ಅದು ದುಂದು ಎಂದು ನಮಗೆ ಅನ್ನಿಸಲಿಲ್ಲ. ಅಕ್ಕ ತಂಗಿ ಸೇರಿ ಐದು ತಿಂಗಳು ಕೂಡಿಟ್ಟ ದುಡ್ಡು ಅದು.

ಗೇಟಿನಲ್ಲಿ ಸಾಲು ಉದ್ದವಿತ್ತು. ಹೆಂಗಸರ ತಪಾಸಣೆಗೆ ಪರದೆ ಕಟ್ಟಿದ ಬೇರೆ ಜಾಗ. ಅಕ್ಕನ ಮಗಳ ಮುಖ ಸ್ವಲ್ಪ ಬಿಗಿಯಾದದ್ದನ್ನು ಗಮನಿಸಿದೆವು. ಕಾರಣ ನಮಗೆ ಗೊತ್ತಿತ್ತು. 2022ರ ಫೆಬ್ರವರಿಯಲ್ಲಿ ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ ಬಂದಾಗ ಅವಳು ಪಿಯುಸಿಯಲ್ಲಿದ್ದಳು. ತಲೆಯ ಮೇಲಿನ ಬಟ್ಟೆಯಿಂದಾಗಿ ಕಾಲೇಜಿನ ಗೇಟಿನ ಹೊರಗೆ ನಿಂತ ಹುಡುಗಿಯರಲ್ಲಿ ಅವಳೂ ಒಬ್ಬಳು. ಮಾರ್ಚ್ 15ರಂದು ಹೈಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು; ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅಷ್ಟರಲ್ಲಿ ಅವಳ ಒಂದು ವರ್ಷ ಹೋಗಿತ್ತು. ಬೇರೆ ಕಾಲೇಜು, ಬೇರೆ ಊರು. ಬೆಂಗಳೂರಿನಲ್ಲಿ ರೂಮು ಹುಡುಕುವಾಗ ಫೋನಿನಲ್ಲಿ ಎಲ್ಲ ಮಾತೂ ಮುಗಿದು ಕೊನೆಗೆ ಹೆಸರು ಕೇಳಿ, "ನಾಳೆ ಹೇಳುತ್ತೇವೆ" ಎಂದವರೂ ಇದ್ದರು. ಗೇಟು ಎಂದರೆ ಅವಳಿಗೆ ಹೆಸರು ಮತ್ತು ಬಟ್ಟೆಯ ಲೆಕ್ಕ ಒಪ್ಪಿಸುವ ಜಾಗ.

ಇಲ್ಲಿ ತಪಾಸಣೆಯ ಹೆಂಗಸು ಚೀಲ ನೋಡಿದಳು, ನೀರಿನ ಬಾಟಲಿ ಹೊರಗಿಡಿಸಿದಳು, "ಪಿನ್ ಚುಚ್ಚೀತು, ನೋಡಿಕೊಳ್ಳಿ ಮೇಡಂ" ಎಂದು ಹಿಜಾಬಿನ ಪಿನ್ನನ್ನು ಮಾತ್ರ ತೋರಿಸಿ ಮುಂದೆ ಕಳಿಸಿದಳು. ಮೊಬೈಲಿನ ಕೋಡನ್ನು ಯಂತ್ರ ಓದಿತು. ಅಷ್ಟೇ. ಒಳಗೆ ಬಂದ ಮೇಲೆ ಅವಳು, "ಹೆಸರೇ ಕೇಳಲಿಲ್ಲ ಅಲ್ಲವಾ ಚಿಕ್ಕಮ್ಮಾ" ಎಂದಳು. ಹಾಡು ಶುರುವಾಗುವ ಮೊದಲೇ ನಮ್ಮ ಟಿಕೆಟಿನ ಅರ್ಧ ದುಡ್ಡು ಸಂದಾಯವಾಯಿತು.

ಒಳಗೆ ಎಲ್ಲವೂ ಚೆನ್ನಾಗಿತ್ತೆಂದು ಹೇಳುವುದಿಲ್ಲ. ಗಂಟೆಗಟ್ಟಲೆ ನಿಲ್ಲಬೇಕು. ಧೂಳು. ಒಂದು ಬದಿಯಲ್ಲಿ ಬಿಯರ್ ಮಾರುತ್ತಿದ್ದರು, ನಾವು ಇನ್ನೊಂದು ಬದಿಗೆ ಹೋದೆವು. ನಾವಿದ್ದ ಕಡೆಯಿಂದ ಗಾಯಕ ಹೆಬ್ಬೆರಳಿನ ಗಾತ್ರ. ಮುಖ ನೋಡಲು ದೊಡ್ಡ ಪರದೆಯೇ ಗತಿ. ಹೆಚ್ಚು ದುಡ್ಡು ಕೊಟ್ಟವರು ಮುಂದೆ, ಕಡಿಮೆ ಕೊಟ್ಟವರು ಹಿಂದೆ. ಮಸೀದಿಯ ಸಫ್‌ನಂತೆ ಮೊದಲು ಬಂದವರಿಗೆ ಮೊದಲ ಸಾಲು ಎಂಬುದು ಇಲ್ಲಿಲ್ಲ.

ಆದರೆ ಹಾಡು ಶುರುವಾದ ಮೇಲೆ ಕಂಡದ್ದನ್ನು ಹೇಳಲೇಬೇಕು. ಅಷ್ಟು ದೊಡ್ಡ ವೇದಿಕೆಯಲ್ಲಿ ಬಹುಪಾಲು ಹೊತ್ತು ಒಬ್ಬನೇ ಮನುಷ್ಯ. ಪಾದದ ಬಳಿ ಲೂಪರ್ ಎಂಬ ಒಂದು ಯಂತ್ರ. ಗಿಟಾರಿನ ಮೈಯನ್ನು ಕೈಯಿಂದ ತಟ್ಟುತ್ತಾನೆ. ಕಾಲಿನಿಂದ ಒತ್ತಿದರೆ ಆ ತಟ್ಟು ತಾನಾಗಿ ಮರುಕಳಿಸುತ್ತಾ ಹೋಗುತ್ತದೆ, ದಫ್ ಬಾರಿಸಿದ ಹಾಗೆ. ಅದರ ಮೇಲೆ ತಂತಿಯ ಒಂದು ಎಳೆ, ಅದರ ಮೇಲೆ ತನ್ನದೇ ದನಿಯ ಇನ್ನೊಂದು ಎಳೆ. ನೋಡನೋಡುತ್ತಿದ್ದಂತೆ ಒಬ್ಬನೇ ಹತ್ತು ಜನರ ಮೇಳವಾಗುತ್ತಾನೆ. ಮೊದಲೇ ತುಂಬಿಸಿ ತಂದದ್ದಲ್ಲ, ಎಲ್ಲ ನಮ್ಮ ಕಣ್ಣೆದುರೇ ಕಟ್ಟಿದ್ದು. ಹಾಡು ಮುಗಿದೊಡನೆ ಅಷ್ಟೂ ಅಳಿಸಿಹೋಗುತ್ತದೆ. ಮರುದಿನ ಮತ್ತೆ ಮೊದಲಿನಿಂದ ಕಟ್ಟಬೇಕು. ಇದನ್ನು ನೋಡಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ದನಿಯ ಮೇಲೆ ದನಿ ತುಂಬುವುದು, ಕೊನೆಗೆ ಅಳಿಸಿಹೋಗುವುದು ನಮಗೆ ಹೊಸದಲ್ಲವಲ್ಲ.

'ಫೋಟೋಗ್ರಾಫ್' ಬಂದಾಗ ಮೈದಾನದ ತುಂಬ ಮೊಬೈಲುಗಳ ಬೆಳಕು. ನಮ್ಮ ಬಲಕ್ಕೆ ನಿಂತಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವವರಂತೆ ಕಾಣುತ್ತಿದ್ದ ಐವತ್ತರ ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಫೋಟೋದಲ್ಲಿ ಯಾರಿದ್ದರೋ. ನಾವು ಕೇಳಲಿಲ್ಲ, ಅವರೂ ಕೇಳಲಿಲ್ಲ. ನಮ್ಮ ಮಂಗಳೂರು ಇಂಗ್ಲಿಷಿನಲ್ಲಿ ನಾವೂ ಗಟ್ಟಿಯಾಗಿ ಹಾಡಿದೆವು. ಅಷ್ಟು ಜನರ ದನಿಯಲ್ಲಿ ನಮ್ಮ ತಪ್ಪು ಉಚ್ಚಾರಣೆ ಯಾರಿಗೂ ಕೇಳಿಸುವಂತಿರಲಿಲ್ಲ. ನಮಗೇ ನಮ್ಮ ದನಿ ಕೇಳಿಸಲಿಲ್ಲ. ಎಲ್ಲಿ ಹೋದರೂ ಎದ್ದು ಕಾಣುವವರಿಗೆ, ಹೀಗೆ ಕಾಣದೆ ಹೋಗುವುದು ಎಷ್ಟು ದೊಡ್ಡ ವಿಶ್ರಾಂತಿ ಎಂಬುದನ್ನು ಹೇಗೆ ವಿವರಿಸುವುದು?

ತಮ್ಮನ ಪ್ರಶ್ನೆ ಉಳಿದಿದೆ. ಜನಸಂದಣಿ ಎಂದರೆ ಭಯ. ನಮ್ಮಂಥವರಿಗೆ ಆ ಭಯ ಎರಡು ಕಡೆಯಿಂದ ಬರುತ್ತದೆ. 2017ರ ಮೇ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರಿಯಾನಾ ಗ್ರಾಂದೆಯ ಕಾರ್ಯಕ್ರಮ ಮುಗಿದು ಮಕ್ಕಳು ಹೊರಬರುವಾಗ ಬಾಂಬು ಸಿಡಿಸಿ 22 ಜನರನ್ನು ಕೊಂದವನು ಮುಸ್ಲಿಮ್ ಹೆಸರಿನವನು. ಆ ರಾತ್ರಿ ದಿಕ್ಕುಗೆಟ್ಟವರನ್ನು ಹಣ ಪಡೆಯದೆ ಮನೆಗೆ ಮುಟ್ಟಿಸಿದ ಟ್ಯಾಕ್ಸಿ ಚಾಲಕರಲ್ಲೂ ಮುಸ್ಲಿಮರಿದ್ದರು. ಮೊದಲನೆಯದು ಎಲ್ಲರಿಗೂ ನೆನಪಿದೆ, ಎರಡನೆಯದು ಕೆಲವರಿಗೆ. ಅಂಥ ಜಾಗಕ್ಕೆ ಹಿಜಾಬ್ ತೊಟ್ಟು ಹೋದಾಗ ನಮ್ಮ ಜೀವದ ಭಯದ ಜೊತೆಗೆ ನಮ್ಮನ್ನು ನೋಡಿ ಬೇರೆಯವರು ಹೆದರಿಯಾರೆಂಬ ಭಯವನ್ನೂ ಹೊತ್ತಿರುತ್ತೇವೆ.

ಆದರೆ ದೊಡ್ಡ ಗುಂಪಿನಲ್ಲಿ ಜನ ಹೆಚ್ಚಾಗಿ ಸಾಯುವುದು ಬಾಂಬಿನಿಂದಲ್ಲ, ವ್ಯವಸ್ಥೆಯಿಲ್ಲದ್ದರಿಂದ. 2023ರ ನವೆಂಬರ್ 25ರಂದು ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ಹಾಡಿನ ಕಾರ್ಯಕ್ರಮಕ್ಕೆ ನುಗ್ಗಿದ ಜನ ಮೆಟ್ಟಿಲ ಮೇಲೆ ಬಿದ್ದು ನಾಲ್ವರು ತೀರಿಕೊಂಡರು. ನಾವು ಹಾಡು ಕೇಳಿ ಬಂದು ನಾಲ್ಕು ತಿಂಗಳಾಗುವ ಮೊದಲೇ, 2025ರ ಜೂನ್ 4ರಂದು, ಅದೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆ ಬಂದ 11 ಜನ ತುಳಿತಕ್ಕೆ ಸಿಕ್ಕಿ ಸತ್ತರು. ಹೆಚ್ಚಿನವರು ಎಳೆಯರು, ಅವರೂ ಅಭಿಮಾನಿಗಳೇ. ಪವಿತ್ರ ಸ್ಥಳಗಳೂ ಇದಕ್ಕೆ ಹೊರತಲ್ಲ. 2006ರ ಹಜ್‌ನಲ್ಲಿ ಜಮರಾತ್ ಬಳಿ ಮುನ್ನೂರಕ್ಕೂ ಹೆಚ್ಚು ಹಾಜಿಗಳು ಕಾಲ್ತುಳಿತಕ್ಕೆ ಬಲಿಯಾದ ಮೇಲೆ ಹಳೆಯ ಸೇತುವೆ ಕೆಡವಿ, ಹೋಗುವ ದಾರಿ ಬರುವ ದಾರಿ ಬೇರೆಯಾಗಿರುವ ಹಲವು ಅಂತಸ್ತಿನ ಸೇತುವೆ ಕಟ್ಟಿದರು. ಭಕ್ತಿಯೊಂದೇ ಜನರನ್ನು ಕಾಯುವುದಿಲ್ಲ, ದಾರಿಯೂ ಬೇಕು. ಅಭಿಮಾನದ ಮಾತೂ ಅದೇ. ಅಷ್ಟು ಜನರನ್ನು ಕರೆಯುವವರಿಗೆ ಆ ಜನರ ಜೀವ ಒಂದು ಅಮಾನತ್ತು. ಮಾದಾವರದ ಆ ಸಂಜೆ ನಾವು ಸುರಕ್ಷಿತವಾಗಿದ್ದದ್ದಕ್ಕೆ ಜನರ ಒಳ್ಳೆಯತನದಷ್ಟೇ ಅಗಲವಾದ ಗೇಟುಗಳೂ, ಎಣಿಸಿ ಒಳಬಿಟ್ಟ ಲೆಕ್ಕವೂ ಕಾರಣ. ರಾತ್ರಿ ಸಾಲಿನಲ್ಲಿ ನಿಂತು ಮೆಟ್ರೋ ಹತ್ತಿದೆವು. 2024ರ ನವೆಂಬರಿನಲ್ಲಷ್ಟೇ ಆ ಮಾರ್ಗ ಮಾದಾವರದವರೆಗೆ ಬಂದಿತ್ತು. ಬೋಗಿಯೊಳಗೆ ಇನ್ನೂ ಹಾಡುತ್ತಿದ್ದವರು ಅಕ್ಕನಿಗೆ ಸೀಟು ಬಿಟ್ಟುಕೊಟ್ಟರು.

ಮರುದಿನ ಭಾನುವಾರ ಬೆಳಿಗ್ಗೆ ಇನ್ನೊಂದು ಸುದ್ದಿ. ಶೀರನ್ ಚರ್ಚ್ ಸ್ಟ್ರೀಟಿನ ಪಾದಚಾರಿ ಹಾದಿಯಲ್ಲಿ ಮೈಕು, ಗಿಟಾರು ಹಿಡಿದು ಹಾಡುತ್ತಿದ್ದಾಗ ಪೊಲೀಸರೊಬ್ಬರು ಬಂದು ಮೈಕಿನ ತಂತಿ ಕಿತ್ತರು. ಅನುಮತಿ ಇತ್ತೆಂದು ಆತ ಹೇಳಿದ. ರಸ್ತೆಯಲ್ಲಿ ಜನ ಸೇರುತ್ತಾರೆಂದು ಅನುಮತಿ ನಿರಾಕರಿಸಿದ್ದೆವೆಂದು ಪೊಲೀಸರು ಹೇಳಿದರು. ನಗೆಚಾಟಿಕೆಗಳು ಬಹಳ ಬಂದವು. ನಮಗೆ ಮಾತ್ರ ಆ ಸುದ್ದಿಯಲ್ಲಿ ಎರಡು ಮಾತು ಕಾಣಿಸಿತು. ಜೂನ್ ತಿಂಗಳನ್ನು ನೋಡಿದ ಮೇಲೆ ಪೊಲೀಸರ ಆತಂಕ ಸುಳ್ಳೆಂದು ಹೇಳಲಾಗದು. ಹಾಗೆಂದು, ದುಡ್ಡು ಕೊಟ್ಟವರಿಗೆ ಮೈದಾನದಲ್ಲಿ ಸಿಕ್ಕಿದ್ದು ಬೀದಿಯಲ್ಲಿ ನಡೆದು ಹೋಗುವವನಿಗೆ ಎರಡು ನಿಮಿಷವೂ ಸಿಗಬಾರದೇ? ಹೂ ಮಾರುವವಳೂ, ಆಟೋದವನೂ ನಿಂತು ಕೇಳಿದ್ದರೆ ಅವರ ಮನೆಯ ಫೋಟೋವೂ ಆ ಹಾಡಿನಲ್ಲಿ ಸಿಗುತ್ತಿತ್ತೇನೋ.

ಆ ಪ್ರವಾಸದಲ್ಲೇ ಚೆನ್ನೈಯಲ್ಲಿ ಎ.ಆರ್. ರೆಹಮಾನ್ ವೇದಿಕೆಗೆ ಬಂದು ತಮ್ಮ 'ಊರ್ವಶಿ' ಹಾಡನ್ನು 'ಶೇಪ್ ಆಫ್ ಯೂ' ಜೊತೆ ಬೆರೆಸಿದರು. ಬೆಂಗಳೂರಿನಲ್ಲಿ ಶಿಲ್ಪಾ ರಾವ್ ಜೊತೆ ಶೀರನ್ ತೆಲುಗು ಹಾಡಿದ. ಜೂನಿನಲ್ಲಿ ಅರಿಜಿತ್ ಸಿಂಗ್ ಜೊತೆಗಿನ ಹಾಡೊಂದು ಹೊರಬಂತು. ಒಂದು ಕನ್ನಡ ಸಾಲೂ ಇದ್ದಿದ್ದರೆ ಎಂದು ಆಸೆಪಟ್ಟೆವು. ಆದರೆ ಅದಕ್ಕಿಂತ ದೊಡ್ಡ ಆಸೆ ಬೇರೆ ಇದೆ. ಇಂಥದ್ದೊಂದು ಸಂಜೆ ನಮ್ಮ ಊರುಗಳ ಮೈದಾನಗಳಲ್ಲಿ, ನಮ್ಮದೇ ಹಾಡುಗಾರರಿಂದ, ಎಲ್ಲರ ಕೈಗೆಟುಕುವ ದರದಲ್ಲಿ ನಡೆಯಲಿ. ಗೇಟುಗಳು ಅಗಲವಾಗಿರಲಿ. ಕುಡಿಯಲು ನೀರಿರಲಿ. ಮೂಲೆಯಲ್ಲಿ ಚಾಪೆ ಹಾಸಲು ನಾಲ್ಕು ಮೊಳ ಜಾಗವಿರಲಿ. ಬ್ಯಾರಿ ಹಾಡಿನ ಜೊತೆ ದಫ್ ಇರಲಿ, ತುಳು ಪಾಡ್ದನವಿರಲಿ, ಕೊಂಕಣಿ ಹಾಡಿರಲಿ, ಗಿಟಾರೂ ಇರಲಿ.

ಹೆಸರು ಕೇಳದೆ ಒಳಗೆ ಬಿಡುವ ಗೇಟಿಗಾಗಿ ನಾವು ಐದು ತಿಂಗಳು ದುಡ್ಡು ಕೂಡಿಟ್ಟೆವು. ಕಾಲೇಜಿನ ಗೇಟು, ಬಾಡಿಗೆ ಮನೆಯ ಗೇಟು ಹಾಗೆ ತೆರೆದುಕೊಳ್ಳಲು ಎಷ್ಟು ಕೂಡಿಡಬೇಕೆಂದು ಯಾರಾದರೂ ಹೇಳಿದರೆ ಅದಕ್ಕೂ ನಾವು ತಯಾರು. ಆದರೆ ಅದು ದುಡ್ಡಿಗೆ ಸಿಗುವ ವಸ್ತುವಲ್ಲ. ಪಕ್ಕದಲ್ಲಿ ನಮಾಝಿಗೆ ನಿಂತವರಿಗಾಗಿ ಮಾತಿಲ್ಲದೆ ಸ್ವಲ್ಪ ಸರಿದು ಕುಳಿತು ಚೀಲ ಕಾಯುವವರು ಹೆಚ್ಚಾದಷ್ಟೂ ಅದು ಹತ್ತಿರ ಬರುತ್ತದೆ. ಅಂಥ ಇಬ್ಬರನ್ನು ನಾವು ಮಾದಾವರದಲ್ಲಿ ನೋಡಿದ್ದೇವೆ. ಅವರ ಹೆಸರನ್ನು ನಾವೂ ಕೇಳಲಿಲ್ಲ.